ಹಳೇ ಮಾರುತಿ 800 ಮಿಸ್ಸಿಂಗ್: ಕಾರ್ಬುರೇಟರ್ ಕೊನೆಗೆ ಮುಟ್ಟಿ

ಕಾರ್ಬುರೇಟರ್ (ಪೆಟ್ರೋಲನ್ನು ಗಾಳಿಗೆ ಬೆರೆಸಿ ಎಂಜಿನ್ನಿಗೆ ಕಳಿಸುವ ಭಾಗ) ಇರುವ ಮಾರುತಿ 800 ಗಾಡಿಯನ್ನು ಮಿಸ್ಸಿಂಗ್ ಅಂತ, ಅಂದರೆ ಸಿಲಿಂಡರ್ ಉರಿಯದೆ ತಪ್ಪುತ್ತಿದೆ ಅಂತ, ಗ್ಯಾರೇಜಿಗೆ ಬಿಟ್ಟರೆ, ಸಾಮಾನ್ಯವಾಗಿ ಮೊದಲು ತಿರುಗುವುದು ಪೆಟ್ರೋಲ್-ಗಾಳಿ ಪ್ರಮಾಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ. ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದಿರುವಾಗಿನ ಎಂಜಿನ್ ವೇಗ) ಕೊಂಚ ಏರಿಸಿ, ಪೆಟ್ರೋಲ್ ಕೊಂಚ ಜಾಸ್ತಿ ಬಿಟ್ಟು ಕಳಿಸುತ್ತಾರೆ. ಎರಡು ದಿನ ಸರಿ ಹೋದ ಹಾಗೆ ಕಾಣುತ್ತದೆ, ಆಮೇಲೆ ಮತ್ತದೇ ನಡುಕ. ಮುಂದಿನ ಸಲ ಪ್ಲಗ್ ಸೆಟ್, ಅದರ ಮುಂದಿನ ಸಲ ಪ್ಲಗ್ ವೈರ್, ಕಿಡಿಗೆ ವೋಲ್ಟೇಜ್ ಕೊಡುವ ಕಾಯಿಲ್, ಕೊನೆಗೆ ಕಾರ್ಬುರೇಟರ್ ಕಿಟ್. ಅಷ್ಟೆಲ್ಲ ಹೊಸದಾದ ಮೇಲೂ ಮಿಸ್ ಮಾತ್ರ ಇದ್ದಲ್ಲೇ ಇರುತ್ತದೆ, ಏಕೆಂದರೆ ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎಂದು ಯಾರೂ ನೋಡಿರುವುದಿಲ್ಲ.

ಈ ಎಂಜಿನ್ನಿನಲ್ಲಿ ಒಂದೇ ಕಾರ್ಬುರೇಟರ್ ಮೂರೂ ಸಿಲಿಂಡರಿಗೆ ಪೆಟ್ರೋಲ್ ಕೊಡುತ್ತದೆ. ತಪ್ಪು ಕಾರ್ಬುರೇಟರಿನದ್ದಾದರೆ ಮೂರೂ ಕೆಡಬೇಕು. ಒಂದೇ ಸಿಲಿಂಡರ್ ಸತ್ತಿದ್ದರೆ ಕಾರ್ಬುರೇಟರ್ ಬಿಚ್ಚುವುದು ಪೂರ್ತಿ ದಂಡ. ಹಾಗಾಗಿ ಮೊದಲ ಪ್ರಶ್ನೆ ಯಾವ ಸಿಲಿಂಡರ್ ಎಂಬುದು. ಎರಡನೆಯದು, ಆ ಸಿಲಿಂಡರಿಗೆ ಇಲ್ಲದಿರುವುದು ಕಿಡಿಯೋ, ಕಂಪ್ರೆಷನ್ನೋ (ಪಿಸ್ಟನ್ ಒಳಗಿನ ಗಾಳಿಯನ್ನು ಒತ್ತುವ ಒತ್ತಡ), ಸರಿಯಾದ ಮಿಶ್ರಣವೋ. ಈ ಎರಡಕ್ಕೆ ಉತ್ತರ ಸಿಗುವ ತನಕ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಬೇಡಿ.

ಇಲ್ಲಿ ಹೇಳುತ್ತಿರುವುದು 796 ಸಿಸಿಯ ಎಫ್‌8ಬಿ ಎಂಜಿನ್ ಬಗ್ಗೆ. ಮಾರುತಿ 800 ತಯಾರಾದದ್ದು 1983ರ ಡಿಸೆಂಬರಿನಿಂದ 2014ರ ಜನವರಿ ತನಕ. ಕಾರ್ಬುರೇಟರ್ ಗಾಡಿಗಳು 2000ದ ಆಸುಪಾಸಿಗೆ ಮುಗಿದು, ಒಂದೊಂದು ಸಿಲಿಂಡರಿಗೂ ಬೇರೆಯಾಗಿ ಪೆಟ್ರೋಲ್ ಚಿಮುಕಿಸುವ ಎಂಪಿಎಫ್‌ಐ ಬಂತು. ಓಮ್ನಿಯಲ್ಲಿರುವುದೂ ಇದೇ ಎಂಜಿನ್, ಆದ್ದರಿಂದ ಹೆಚ್ಚಿನದೆಲ್ಲ ಅದಕ್ಕೂ ಹೊಂದುತ್ತದೆ. ಸ್ಕ್ಯಾನರ್ ಹಾಕಿ ನೋಡಿ ಅನ್ನುವವರಿಗೆ ಒಂದು ಮಾತು: ನಮ್ಮ ದೇಶದಲ್ಲಿ ಒಬಿಡಿ-2 (ಗಾಡಿಯ ಕಂಪ್ಯೂಟರ್ ತನ್ನ ದೋಷಗಳನ್ನು ಸ್ಕ್ಯಾನರಿಗೆ ತಿಳಿಸುವ ವ್ಯವಸ್ಥೆ) ಕಡ್ಡಾಯವಾದದ್ದು 2013ರ ಏಪ್ರಿಲಿನಿಂದ. ಈ ಗಾಡಿಗೆ ಸ್ಕ್ಯಾನರ್ ಸಿಕ್ಕಿಸುವ ಜಾಗವೇ ಇಲ್ಲ. ನಿಮ್ಮ ಕಿವಿ, ಒಂದು ಮಲ್ಟಿಮೀಟರ್, ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿಗಳು), ಕಂಪ್ರೆಷನ್ ಗೇಜ್ ಇದ್ದರೆ ಸಾಕು.

ಮೊದಲು ಸೈಲೆನ್ಸರ್ ಹಿಂದೆ ನಿಲ್ಲಿ. ಐಡ್ಲಿಂಗಿನಲ್ಲಿ ಹೊಗೆ ಒಂದೇ ಲಯದಲ್ಲಿ ಬರುತ್ತಾ, ಲೆಕ್ಕ ಹಾಕಿದ ಹಾಗೆ ಮಧ್ಯೆ ಮಧ್ಯೆ ಒಂದೊಂದು ಬಿಟ್ಟುಹೋದರೆ ಒಂದು ಸಿಲಿಂಡರ್ ಪೂರ್ತಿ ಸತ್ತಿದೆ. ಲಯವೇ ಇಲ್ಲದೆ, ಒಮ್ಮೆ ಇಲ್ಲಿ ಒಮ್ಮೆ ಅಲ್ಲಿ ತಪ್ಪಿದರೆ ಮೂರಕ್ಕೂ ಸೇರಿದ ಯಾವುದೋ ಭಾಗ ಕೆಟ್ಟಿದೆ: ಪಾಯಿಂಟ್ (ಕಾಯಿಲ್ಲಿನ ಕರೆಂಟು ಕಡಿದು ಕಿಡಿ ಹುಟ್ಟಿಸುವ ಸ್ವಿಚ್), ಕಾಯಿಲ್, ರೋಟರ್ (ಮೂರೂ ಸಿಲಿಂಡರಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಒಳಗೆ ತಿರುಗುವ ತುಂಡು), ಇಲ್ಲವೇ ಪೆಟ್ರೋಲ್ ದಾರಿ. ಈಗ ಒಂದು ಕಾಗದದ ಚೂರನ್ನು ಸೈಲೆನ್ಸರ್ ಬಾಯಿಗೆ ಹತ್ತಿರ ಹಿಡಿಯಿರಿ. ಹೊಗೆ ಅದನ್ನು ಹೊರಕ್ಕೇ ತಳ್ಳುತ್ತಿರಬೇಕು. ನಡುವೆ ಕಾಗದ ಒಳಕ್ಕೆ ಎಳೆದುಕೊಂಡರೆ ಎಕ್ಸಾಸ್ಟ್ ವಾಲ್ವ್ ಕೂರುತ್ತಿಲ್ಲ ಎಂದು ಅನುಮಾನ ಪಡಿ. ಸೈಲೆನ್ಸರಿನಲ್ಲಿ ತೂತಿದ್ದರೆ ಈ ಪರೀಕ್ಷೆ ಸುಳ್ಳು ಹೇಳುತ್ತದೆ.

ಇನ್ನೊಂದು ಗೊಂದಲ ಎಂಜಿನ್ ಮೌಂಟಿಂಗಿನದ್ದು. ಮೂರು ಸಿಲಿಂಡರ್ ಎಂಜಿನ್ ಹುಟ್ಟಾ ನಡುಗುವಂಥದ್ದು. ರಬ್ಬರ್ ಮೌಂಟಿಂಗ್ ಹರಿದಿದ್ದರೆ ಆ ನಡುಕವೇ ಸೀಟಿನ ತನಕ ಬಂದು ಮಿಸ್ಸಿಂಗ್ ಅನ್ನಿಸುತ್ತದೆ. ಒಳಗೆ ನಡುಕ, ಹಿಂದೆ ಸೈಲೆನ್ಸರ್ ಸದ್ದು ಮಾತ್ರ ಸಮ ಎಂದಾದರೆ ಮೊದಲು ಮೌಂಟಿಂಗ್ ನೋಡಿ.

ಸಿಲಿಂಡರ್ ಹುಡುಕುವ ವಿಧಾನ ಹಳೆಯದೇ. ಟೈಮಿಂಗ್ ಬೆಲ್ಟ್ ಇರುವ ಕಡೆಯಿಂದ 1, 2, 3 ಎಂದು ಎಣಿಸಿ. ಫೈರಿಂಗ್ ಆರ್ಡರ್ (ಸಿಲಿಂಡರುಗಳು ಉರಿಯುವ ಸರದಿ) 1-3-2. ಎಂಜಿನ್ ಬಿಸಿ ಮಾಡಿ, ಐಡ್ಲಿಂಗ್ ಸ್ಕ್ರೂ ತಿರುಗಿಸಿ 1,500 ಆರ್‌ಪಿಎಂ ಸುತ್ತಮುತ್ತ ನಿಲ್ಲಿಸಿ. ಕಡಿಮೆ ಇಟ್ಟರೆ, ಒಂದು ಮೊದಲೇ ಸತ್ತಿರುವಾಗ ಇನ್ನೊಂದು ಒಳ್ಳೆಯದನ್ನು ಕಿತ್ತ ಕೂಡಲೇ ಎಂಜಿನ್ ನಿಂತುಬಿಡುತ್ತದೆ. ಈಗ ರಬ್ಬರ್ ಹಿಡಿಯ ಇಕ್ಕಳದಿಂದ ಒಂದೊಂದೇ ಪ್ಲಗ್ ಕ್ಯಾಪ್ ಎಳೆಯಿರಿ. ಎಳೆದಾಗ ಆರ್‌ಪಿಎಂ ಬಿದ್ದರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು. ಯಾವುದನ್ನು ಎಳೆದರೂ ಎಂಜಿನ್ನಿಗೆ ಗೊತ್ತೇ ಆಗುವುದಿಲ್ಲವೋ ಅದೇ ಸತ್ತದ್ದು. ಎಳೆದ ವೈರನ್ನು ಗಾಳಿಯಲ್ಲಿ ನೇತಾಡಿಸಬೇಡಿ. ಹಳೇ ಪ್ಲಗ್ ಒಂದನ್ನು ಸಿಕ್ಕಿಸಿ ಅದರ ಲೋಹದ ಭಾಗವನ್ನು ಎಂಜಿನ್ನಿಗೆ ತಾಗಿಸಿ. ಕಿಡಿಗೆ ಹೋಗಲು ದಾರಿ ಇಲ್ಲದಿದ್ದರೆ ಅಷ್ಟೂ ವೋಲ್ಟೇಜ್ ಕಾಯಿಲ್ ಒಳಗೆ, ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಇದ್ದರೆ ಅದರ ಇಗ್ನೈಟರ್ ಮೇಲೆ ಬೀಳುತ್ತದೆ. ಗಾಡಿಗೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇದ್ದರೆ ಒಂದೊಂದಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ. ಉರಿಯದ ಪೆಟ್ರೋಲ್ ಅದರೊಳಗೆ ಹೋಗಿ ಉರಿಯುತ್ತದೆ. ಪೇಸ್‌ಮೇಕರ್ ಇರುವವರು ಈ ಕೆಲಸಕ್ಕೆ ಕೈ ಹಾಕಲೇಬಾರದು. ತೋಳು ಸಡಿಲ ಇರುವ ಅಂಗಿ, ದುಪ್ಪಟ್ಟಾ ಫ್ಯಾನ್ ಬೆಲ್ಟ್ ಹತ್ತಿರ ಬರಬಾರದು.

ಸತ್ತ ಸಿಲಿಂಡರ್ ಗೊತ್ತಾಯಿತು ಅಂತಿಟ್ಟುಕೊಳ್ಳಿ, ಉದಾಹರಣೆಗೆ 2. ಅದರ ಪ್ಲಗ್ ತೆಗೆದು 1ಕ್ಕೆ, 1ರದ್ದನ್ನು 2ಕ್ಕೆ ಹಾಕಿ ಮತ್ತೆ ಅದೇ ಪರೀಕ್ಷೆ ಮಾಡಿ. ಮಿಸ್ಸಿಂಗ್ 1ಕ್ಕೆ ಹೋದರೆ ಪ್ಲಗ್ ಕೆಟ್ಟಿದೆ, ಕತೆ ಮುಗಿಯಿತು. ಹೋಗದೆ 2ರಲ್ಲೇ ಉಳಿದರೆ ವೈರ್ ಅದಲುಬದಲು ಮಾಡಿ. ವೈರುಗಳ ಉದ್ದ ಬೇರೆಬೇರೆ, ಎಟುಕದಿದ್ದರೆ ಉದ್ದದ್ದೊಂದನ್ನು ತಾತ್ಕಾಲಿಕವಾಗಿ ಹಾಕಿ ನೋಡಿ. ಖರ್ಚಿಲ್ಲದ ಈ ಎರಡು ಕೆಲಸ ಮಾಡದೆ ಹೊಸ ಸೆಟ್ ತರಿಸುವುದು ಏಕೋ ಗೊತ್ತಿಲ್ಲ. ಹೆಡ್ ಅಲ್ಯೂಮಿನಿಯಂ, ಆದ್ದರಿಂದ ಎಂಜಿನ್ ಆರಿದ ಮೇಲೇ ಪ್ಲಗ್ ಬಿಚ್ಚಿ. ಹಾಕುವಾಗ ಮೊದಲು ಕೈಯಲ್ಲೇ ಪೂರ್ತಿ ತಿರುಗಿಸಿ, ಆಮೇಲೆ ಪಾನದಲ್ಲಿ ಹೊಸ ವಾಷರ್ ಇದ್ದರೆ ಅರ್ಧ ಸುತ್ತು, ಹಳೆಯದಾದರೆ ಅದಕ್ಕಿಂತ ಕಡಿಮೆ. ಗ್ಯಾಪ್ 0.7ರಿಂದ 0.8 ಮಿ.ಮೀ.

ತೆಗೆದ ಪ್ಲಗ್ಗಿನ ಬಣ್ಣ ನೋಡುವುದಕ್ಕೂ ಒಂದು ಕ್ರಮ ಇದೆ. ಮನೆ ಮುಂದೆ ಐದು ನಿಮಿಷ ಐಡ್ಲಿಂಗಿನಲ್ಲಿ ಬಿಟ್ಟು ತೆಗೆದರೆ ಎಲ್ಲ ಪ್ಲಗ್ಗೂ ಕಪ್ಪಗೇ ಕಾಣುತ್ತವೆ. ರಸ್ತೆಯಲ್ಲಿ ಸ್ವಲ್ಪ ದೂರ ಒಳ್ಳೆ ವೇಗದಲ್ಲಿ ಓಡಿಸಿ, ಜಾಗ ನೋಡಿ ನ್ಯೂಟ್ರಲ್ ಮಾಡಿ ಅಲ್ಲೇ ಕೀ ಆಫ್ ಮಾಡಿ, ನಿಂತ ಮೇಲೆ ತೆಗೆಯಿರಿ. ಗಾಡಿ ಪೂರ್ತಿ ನಿಲ್ಲುವ ತನಕ ಕೀ ಹೊರಗೆ ಎಳೆಯಬೇಡಿ, ಸ್ಟೀರಿಂಗ್ ಲಾಕ್ ಆಗುತ್ತದೆ. ತಿಳಿ ಕಂದು ಬಣ್ಣ ಆರೋಗ್ಯದ ಗುರುತು. ಒಣ ಮಸಿ ಎಂದರೆ ಪೆಟ್ರೋಲ್ ಜಾಸ್ತಿ ಅಥವಾ ಕಿಡಿ ದುರ್ಬಲ. ಪೆಟ್ರೋಲಿನಲ್ಲಿ ಒದ್ದೆಯಾಗಿದ್ದರೆ ಕಿಡಿಯೇ ಇಲ್ಲ. ಎಣ್ಣೆ ಜಿಡ್ಡು ವಾಲ್ವ್ ಸೀಲ್ ಅಥವಾ ರಿಂಗ್ ಕಡೆ ಕೈ ತೋರಿಸುತ್ತದೆ. ಬೆಳ್ಳಗೆ ಬೂದಿಯ ಹಾಗಿದ್ದರೆ ಗಾಳಿ ಜಾಸ್ತಿ ಹೋಗುತ್ತಿದೆ. ಮೂರರಲ್ಲಿ ಒಂದು ಮಾತ್ರ ತೊಳೆದಿಟ್ಟ ಹಾಗೆ ಸ್ವಚ್ಛ ಇದ್ದು, ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೊದಲ ನಿಮಿಷ ಮಾತ್ರ ಮಿಸ್ಸಿಂಗ್, ಬಿಳಿ ಹೊಗೆ, ರೇಡಿಯೇಟರ್ ನೀರು ಕಡಿಮೆಯಾಗುವುದು, ಇವೆಲ್ಲ ಸೇರಿದರೆ ಹೆಡ್ ಗ್ಯಾಸ್ಕೆಟ್ ಒಡೆದು ಆ ಸಿಲಿಂಡರಿಗೆ ನೀರು ಇಳಿಯುತ್ತಿದೆ.

ಪ್ಲಗ್ಗಿನ ಪಿಂಗಾಣಿಯ ಮೇಲೆ ಉದ್ದಕ್ಕೆ ಪೆನ್ಸಿಲಿನಿಂದ ಎಳೆದಂಥ ಸಣ್ಣ ಕಪ್ಪು ಗೆರೆ ಇದೆಯೇ ನೋಡಿ. ಕರೆಂಟು ಹೊರಗಿನಿಂದಲೇ ಹರಿದುಹೋದ ದಾರಿ ಅದು. ಅದಕ್ಕೆ ತಾಗಿದ ಕ್ಯಾಪಿನ ಒಳಗಡೆಯೂ ಅಂಥದೇ ಗೆರೆ ಇರುತ್ತದೆ. ಪ್ಲಗ್ ಮಾತ್ರ ಬದಲಿಸಿ ಹಳೇ ಕ್ಯಾಪ್ ಹಾಕಿದರೆ ಹೊಸ ಪಿಂಗಾಣಿಯ ಮೇಲೂ ಬೇಗನೆ ಅದೇ ಗೆರೆ ಬರುತ್ತದೆ. ಎರಡನ್ನೂ ಒಟ್ಟಿಗೇ ಬದಲಿಸಬೇಕು.

ಈಗ ಕಿಡಿ. ಪ್ಲಗ್ ಹೊರಗೆ ತೆಗೆದು, ಬಾಡಿಗೆ ತಾಗಿಸಿ, ಸೆಲ್ಫ್ ಹೊಡೆದು, ‘ಕರೆಂಟ್ ಬರ್ತಿದೆ ಸಾರ್, ಪ್ಲಗ್ ಓಕೆ’ ಎಂದು ಮುಗಿಸಿಬಿಡುವುದು ಎಲ್ಲ ಕಡೆ ನಡೆಯುತ್ತದೆ. ಇದು ಅರ್ಧ ಪರೀಕ್ಷೆ ಮಾತ್ರ. ಹೊರಗಿನ ಗಾಳಿಯಲ್ಲಿ 0.8 ಮಿ.ಮೀ. ದಾಟಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಡ. ಅದೇ ಗ್ಯಾಪ್ ಸಿಲಿಂಡರ್ ಒಳಗೆ, ಒತ್ತಿ ದಟ್ಟವಾದ ಗಾಳಿಯಲ್ಲಿ ಹಲವು ಪಟ್ಟು ಹೆಚ್ಚು ಕೇಳುತ್ತದೆ. ಆಕ್ಸಿಲರೇಟರ್ ಒತ್ತಿದಷ್ಟೂ ಒಳಗೆ ತುಂಬುವ ಗಾಳಿ ಹೆಚ್ಚುತ್ತದೆ, ಬೇಕಾಗುವ ವೋಲ್ಟೇಜೂ ಹೆಚ್ಚುತ್ತದೆ. ಸಮತಟ್ಟಿನಲ್ಲಿ ಸರಿಯಾಗಿ ಓಡಿ ಏರಿನಲ್ಲಿ ಮೂರನೇ ಗೇರಿನಲ್ಲಿ ಒತ್ತಿದಾಗ ಮಿಸ್ ಹೊಡೆಯುವುದು ಇದೇ ಕಾರಣಕ್ಕೆ. ಆದ್ದರಿಂದ ಗ್ಯಾಪ್ ಟೆಸ್ಟರ್ ಬಳಸಿ, ಅಥವಾ ಹಳೇ ಪ್ಲಗ್ಗಿನ ಬದಿಯ ಕೊಂಬನ್ನು ಮುರಿದು ನಡುವಿನ ತುದಿಗೂ ಅಂಚಿಗೂ ಅಂತರ ಹೆಚ್ಚಿಸಿಕೊಳ್ಳಿ. 6 ಮಿ.ಮೀ. ದಾಟಿ ಚಟ್ ಎಂದು ನೀಲಿಯಾಗಿ ಹೊಡೆದರೆ ಕಾಯಿಲ್ ಗಟ್ಟಿ ಇದೆ. ಹಳದಿ ಎಳೆಯಾಗಿ ಒಮ್ಮೆ ಬಂದು ಒಮ್ಮೆ ಬಾರದಿದ್ದರೆ ಇಗ್ನಿಷನ್ ಸೋತಿದೆ. ಈ ಪರೀಕ್ಷೆ ಮಾಡುವಾಗ ಉಳಿದ ಪ್ಲಗ್ಗುಗಳು ಜಾಗದಲ್ಲೇ ಇರಲಿ. ತೆರೆದ ತೂತಿನಿಂದ ಚಿಮ್ಮುವ ಪೆಟ್ರೋಲ್ ಆವಿಗೆ ಕಿಡಿ ತಾಗಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ.

ಪ್ಲಗ್ ವೈರ್ ಒಳಗೆ ಇಂಗಾಲದ ಎಳೆ ಇರುತ್ತದೆ. ಮಲ್ಟಿಮೀಟರಿನಲ್ಲಿ ಮೀಟರಿಗೆ ಸುಮಾರು 10ರಿಂದ 16 ಕಿಲೋ ಓಮ್ ಬರುವುದು ಸಾಮಾನ್ಯ. ಈ ಗಾಡಿಯ ಚಿಕ್ಕ ವೈರಿಗೆ 20 ದಾಟಿದರೆ ಅಥವಾ ಬಗ್ಗಿಸಿದಾಗ ರೀಡಿಂಗ್ ಕುಣಿದರೆ ಎಸೆಯಿರಿ. ಆದರೆ ಮಲ್ಟಿಮೀಟರ್ ತೋರಿಸುವುದು ಒಳಗಿನ ಎಳೆಯನ್ನು ಮಾತ್ರ. ಮೇಲಿನ ರಬ್ಬರ್ ಬಿರಿದು ಕರೆಂಟು ಸೋರುವುದನ್ನು ತೋರಿಸುವುದಿಲ್ಲ. ಅದಕ್ಕೆ ಕತ್ತಲೆ ಬೇಕು. ರಾತ್ರಿ ಬಾನೆಟ್ ಎತ್ತಿ, ಎಂಜಿನ್ ಓಡುತ್ತಿರುವಾಗ ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯಿಂದ ವೈರುಗಳ ಮೇಲೆ, ಡಿಸ್ಟ್ರಿಬ್ಯೂಟರ್ ಕ್ಯಾಪ್ ಮೇಲೆ ಸಣ್ಣಗೆ ತುಂತುರು ಬಿಡಿ. ಸೋರಿಕೆ ಇದ್ದರೆ ನೀಲಿ ಎಳೆಗಳು ಹರಿದಾಡುವುದು ಕಣ್ಣಿಗೇ ಕಾಣುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಬೆಳಿಗ್ಗೆ ಮಾತ್ರ ಕಾಡುವ ಮಿಸ್ಸಿಂಗಿನಲ್ಲಿ ಬಹುಪಾಲು ಇಲ್ಲೇ ಸಿಗುತ್ತದೆ.

ಡಿಸ್ಟ್ರಿಬ್ಯೂಟರನ್ನು ಪುರುಸೊತ್ತಿನಿಂದ ನೋಡಬೇಕು. ಕ್ಯಾಪ್ ತೆಗೆದು ಬೆಳಕಿಗೆ ಹಿಡಿಯಿರಿ. ನಡುವಿನ ಕಾರ್ಬನ್ ಗುಂಡಿ ಸ್ಪ್ರಿಂಗಿನ ಮೇಲೆ ಒತ್ತಿದರೆ ಒಳಗೆ ಹೋಗಿ ತಾನಾಗಿ ಹೊರಗೆ ಬರಬೇಕು, ಸವೆದು ಒಳಗೇ ಕೂತಿರಬಾರದು. ಟರ್ಮಿನಲ್ಲುಗಳ ನಡುವೆ ಕೂದಲೆಳೆಯ ಕಪ್ಪು ಗೆರೆ ಇದ್ದರೆ ಒಂದು ಸಿಲಿಂಡರಿನ ಕಿಡಿ ಇನ್ನೊಂದಕ್ಕೆ ಹಾರುತ್ತಿದೆ. ಅದನ್ನು ಉಜ್ಜಿ ತೆಗೆಯಲು ಹೋಗಬೇಡಿ, ಕ್ಯಾಪ್ ಬದಲಿಸಿ. ರೋಟರನ್ನು ಮಗುಚಿ ಹಾಕಿ ತಳ ನೋಡಿ. ಅಲ್ಲಿ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ ಇದ್ದರೆ ಕರೆಂಟು ರೋಟರ್ ಮೈ ತೂತು ಮಾಡಿ ನೇರ ಶಾಫ್ಟಿಗೆ ಇಳಿಯುತ್ತಿದೆ. ಮೇಲಿನಿಂದ ನೋಡಿದರೆ ಆ ರೋಟರ್ ಹೊಸದರ ಹಾಗೇ ಕಾಣುತ್ತದೆ.

ಪಾಯಿಂಟ್ ಇರುವ ಹಳೇ ಗಾಡಿಯಾದರೆ ಗ್ಯಾಪ್ 0.4ರಿಂದ 0.5 ಮಿ.ಮೀ. ಇದನ್ನು ಒಂದೇ ಕಡೆ ನೋಡಿ ಬಿಡುವುದು ವಾಡಿಕೆ. ಡಿಸ್ಟ್ರಿಬ್ಯೂಟರ್ ಶಾಫ್ಟಿನ ಕ್ಯಾಮಿಗೆ ಮೂರು ಉಬ್ಬು, ಒಂದೊಂದು ಸಿಲಿಂಡರಿಗೆ ಒಂದೊಂದು. ಎಂಜಿನ್ ಕೈಯಲ್ಲಿ ತಿರುಗಿಸಿ ಮೂರೂ ಉಬ್ಬಿನಲ್ಲಿ ಫೀಲರ್ ಹಾಕಿ ನೋಡಿ. ಒಂದರಲ್ಲಿ 0.45, ಇನ್ನೊಂದರಲ್ಲಿ 0.35 ಬಂದರೆ ಶಾಫ್ಟಿನ ಬುಷ್ ಸವೆದು ಶಾಫ್ಟ್ ಓಲಾಡುತ್ತಿದೆ. ಗ್ಯಾಪ್ ಬದಲಾದರೆ ಕಿಡಿ ಹೊಡೆಯುವ ಡಿಗ್ರಿಯೂ, ಕಾಯಿಲ್ ತುಂಬುವ ಸಮಯವೂ ಬದಲಾಗುತ್ತದೆ, ಅದೂ ಒಂದು ಸಿಲಿಂಡರಿಗೆ ಮಾತ್ರ. ಪ್ಲಗ್, ವೈರ್, ಕ್ಯಾಪ್ ಎಲ್ಲ ಹೊಸದು ಹಾಕಿದರೂ ಅದೇ ಸಿಲಿಂಡರ್ ಮತ್ತೆ ಮತ್ತೆ ತಪ್ಪುವ, ಯಾರಿಗೂ ಅರ್ಥವಾಗದ ಮಿಸ್ಸಿಂಗಿಗೆ ಇದೊಂದು ಕಾರಣ. ರೋಟರ್ ಇರುವ ತುದಿಯನ್ನು ಬೆರಳಲ್ಲಿ ಹಿಡಿದು ಅಕ್ಕಪಕ್ಕ ಅಲುಗಿಸಿ. ಕಟಕಟ ಎಂದರೆ ಬುಷ್ ಹೋಗಿದೆ. ಲೇತ್ ಅಂಗಡಿಯಲ್ಲಿ ಹೊಸ ಬುಷ್ ಕೂರಿಸಿಕೊಡುತ್ತಾರೆ.

ಪಾಯಿಂಟಿನ ತುದಿ ಬೇಗಬೇಗ ಸುಟ್ಟು ಗುಳಿ ಬೀಳುತ್ತಿದ್ದರೆ, ಓಡುವಾಗ ಅಲ್ಲಿ ದೊಡ್ಡ ಕಿಡಿ ಕಾಣುತ್ತಿದ್ದರೆ ಪಾಯಿಂಟಿನ ಕಿಡಿ ತಗ್ಗಿಸುವ ಕಂಡೆನ್ಸರ್ ಬದಲಿಸಿ. ಪಾಯಿಂಟ್ ಬದಲಿಸುತ್ತಾ ಹೋದರೆ ಪ್ರಯೋಜನ ಇಲ್ಲ.

ಇನ್ನೊಂದು ಮೋಸದ ಜಾಗ ಡಿಸ್ಟ್ರಿಬ್ಯೂಟರ್ ಒಳಗಿನ ಪ್ಲೇಟಿಗೆ ಹೋಗುವ ಸಣ್ಣ ಮೆತ್ತನೆ ವೈರ್. ವ್ಯಾಕ್ಯೂಮ್ ಅಡ್ವಾನ್ಸ್ (ಎಂಜಿನ್ನಿನ ಎಳೆತದಿಂದ ಕಿಡಿಯನ್ನು ಸ್ವಲ್ಪ ಮೊದಲೇ ಹೊಡೆಸುವ ಭಾಗ) ಎಳೆದಾಗಲೆಲ್ಲ ಪ್ಲೇಟ್ ಕೆಲವು ಡಿಗ್ರಿ ತಿರುಗುತ್ತದೆ, ಜೊತೆಗೆ ಈ ವೈರೂ ಬಾಗುತ್ತದೆ. ವರ್ಷಗಟ್ಟಲೆ ಬಾಗಿ ಬಾಗಿ ಒಳಗಿನ ತಾಮ್ರ ತುಂಡಾಗಿ, ಮೇಲಿನ ಪ್ಲಾಸ್ಟಿಕ್ ಮಾತ್ರ ಅದನ್ನು ಹಿಡಿದುಕೊಂಡಿರುತ್ತದೆ. ಐಡ್ಲಿಂಗಿನಲ್ಲಿ ಸರಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟ ಕೂಡಲೇ ಫಟ್ ಫಟ್. ಪರೀಕ್ಷೆ ಸುಲಭ. ವ್ಯಾಕ್ಯೂಮ್ ಪೈಪನ್ನು ಕಾರ್ಬುರೇಟರ್ ಕಡೆಯಿಂದ ಬಿಚ್ಚಿ, ಒರೆಸಿ, ಎಂಜಿನ್ ಐಡ್ಲಿಂಗಿನಲ್ಲಿರುವಾಗ ಬಾಯಿಂದ ಎಳೆಯಿರಿ. ಎಳೆದಾಗ ಎಂಜಿನ್ ಸ್ವಲ್ಪ ಏರಬೇಕು. ಬದಲಿಗೆ ಮಿಸ್ ಹೊಡೆದರೆ ವೈರ್ ಸಿಕ್ಕಿತು. ಎಷ್ಟು ಎಳೆದರೂ ಗಾಳಿ ಬರುತ್ತಲೇ ಇದ್ದರೆ ಅದರ ಒಳಗಿನ ರಬ್ಬರ್ ಹಾಳೆ, ಡಯಾಫ್ರಾಮ್, ಹರಿದಿದೆ.

ಹಳ್ಳ, ಹಂಪ್ ದಾಟುವಾಗ ಮಾತ್ರ ತಪ್ಪಿದರೆ ಕಾಯಿಲ್ ಟರ್ಮಿನಲ್, ಇಗ್ನಿಷನ್ ಸ್ವಿಚ್ ಹಿಂದಿನ ಸಾಕೆಟ್, ಮತ್ತೆ ಎಂಜಿನ್ನಿನಿಂದ ಬಾಡಿಗೆ ಬರುವ ಅರ್ಥ್ ಪಟ್ಟಿ. ಸೆಲ್ಫ್ ಹೊಡೆಯುವಾಗ ಎಂಜಿನ್ ಬ್ಲಾಕಿಗೂ ಬ್ಯಾಟರಿ ನೆಗೆಟಿವಿಗೂ ನಡುವೆ ಮಲ್ಟಿಮೀಟರ್ ಇಡಿ. 0.3 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥ್ ಬಿಚ್ಚಿ, ತುಕ್ಕು ಉಜ್ಜಿ, ಬಿಗಿ ಮಾಡಿ. ಅರ್ಧ ಗಂಟೆ ಓಡಿದ ಮೇಲೆ ಮಾತ್ರ ಮಿಸ್ ಶುರುವಾಗಿ ಆರಿದ ಮೇಲೆ ಸರಿಹೋದರೆ ಕಾಯಿಲ್ ಅಥವಾ ಇಗ್ನೈಟರ್ ಬಿಸಿಗೆ ಸೋಲುತ್ತಿದೆ. ಅದನ್ನು ಬಿಸಿ ಇರುವಾಗಲೇ ಪರೀಕ್ಷಿಸಬೇಕು.

ಕಿಡಿ ಗಟ್ಟಿ ಇದೆ, ಆದರೂ ಸಿಲಿಂಡರ್ ಸತ್ತಿದೆ ಎಂದಾದರೆ ಕಂಪ್ರೆಷನ್. ಎಂಜಿನ್ ಬಿಸಿ ಇರಲಿ, ಬ್ಯಾಟರಿ ತುಂಬಿರಲಿ. ಇಗ್ನಿಷನ್ ಕಾಯಿಲ್ಲಿನ ಸಣ್ಣ ವೈರ್ ಕಳಚಿ, ಮೂರೂ ಪ್ಲಗ್ ತೆಗೆದು, ಒಬ್ಬರು ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಲಿ. ಮುಳ್ಳು ಏರುವುದು ನಿಲ್ಲುವ ತನಕ, ಎಂದರೆ ನಾಲ್ಕೈದು ಸಲ ಒತ್ತುವ ತನಕ. ಆಕ್ಸಿಲರೇಟರ್ ಒತ್ತದೆ ನೋಡಿದರೆ ಒಳ್ಳೆ ಎಂಜಿನ್ನೂ ಕಡಿಮೆ ತೋರಿಸುತ್ತದೆ. ಆರೋಗ್ಯವಾಗಿರುವ ಎಂಜಿನ್ನಿಗೆ 150ರಿಂದ 180 ಪಿಎಸ್‌ಐ ಬರಬೇಕು, ಸಿಲಿಂಡರುಗಳ ನಡುವೆ ಹದಿನೈದಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಮಂಗಳೂರಿನಲ್ಲಿ 180 ತೋರಿಸಿದ ಎಂಜಿನ್ ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ 160ರ ಆಸುಪಾಸು ತೋರಿಸುತ್ತದೆ. ಗಾಳಿಯೇ ಅಲ್ಲಿ ಶೇ. 10ರಷ್ಟು ತೆಳು. ಪುಸ್ತಕದ ಅಂಕಿ ಬರಲಿಲ್ಲ ಎಂದು ಹೆಡ್ ಇಳಿಸಬೇಡಿ, ಮೂರರ ನಡುವಿನ ವ್ಯತ್ಯಾಸವನ್ನೇ ನಂಬಿ.

ಒಂದು ಕಡಿಮೆ ಬಂತು. ಆ ಸಿಲಿಂಡರಿಗೆ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಅಕ್ಕಪಕ್ಕದ ಎರಡು ಸಮನಾಗಿ ಕುಸಿದಿದ್ದರೆ ಅವೆರಡರ ನಡುವಿನ ಗ್ಯಾಸ್ಕೆಟ್. ಮೂರೂ ಒಟ್ಟಿಗೆ ಕಡಿಮೆ ಇದ್ದರೆ, ಅದರಲ್ಲೂ ಬೆಲ್ಟ್ ಕೆಲಸ ಆದ ಮೇಲೆ ಶುರುವಾಗಿದ್ದರೆ, ಟೈಮಿಂಗ್ ಬೆಲ್ಟ್ ಒಂದು ಹಲ್ಲು ತಪ್ಪಿದೆಯೇ ನೋಡಿ.

ವಾಲ್ವ್ ಅಂತ ತೀರ್ಮಾನವಾದ ಕೂಡಲೇ ಹೆಡ್ ಇಳಿಸುವ ಮಾತು ಬರುತ್ತದೆ. ಅದಕ್ಕೆ ಮುಂಚೆ ಟ್ಯಾಪೆಟ್ ಗ್ಯಾಪ್, ಅಂದರೆ ವಾಲ್ವನ್ನು ಒತ್ತುವ ಸ್ಕ್ರೂಗೂ ವಾಲ್ವ್ ಕಡ್ಡಿಗೂ ನಡುವಿನ ಸಂದು, ನೋಡಲೇಬೇಕು. ಗ್ಯಾಪ್ ಇಲ್ಲದೆ ಬಿಗಿಯಾದ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಬಿಸಿಯಾದಾಗ ಇನ್ನೂ ತೆರೆದುಕೊಳ್ಳುತ್ತದೆ. ಐಡ್ಲಿಂಗಿನಲ್ಲಿ ಮಿಸ್, 2,000 ಆರ್‌ಪಿಎಂ ಮೇಲೆ ಸರಿ ಎಂಬ ದೂರಿಗೆ ಇದು ಹೊಂದುತ್ತದೆ. ವೇಗವಾಗಿ ತಿರುಗುವಾಗ ಸೋರಲು ಸಮಯ ಸಾಲದು, ಅಷ್ಟೇ. ತಣ್ಣನೆಯ ಎಂಜಿನ್ನಿನಲ್ಲಿ ಇನ್‌ಟೇಕ್, ಎಕ್ಸಾಸ್ಟ್ ಎರಡಕ್ಕೂ 0.13ರಿಂದ 0.18 ಮಿ.ಮೀ., ಸಾಮಾನ್ಯವಾಗಿ 0.15ರ ಫೀಲರ್ ಹಾಕುತ್ತಾರೆ. ಬಿಸಿಯಲ್ಲಾದರೆ 0.23ರಿಂದ 0.28. ಒಂದನೇ ಸಿಲಿಂಡರನ್ನು ಕಂಪ್ರೆಷನ್ ಟಾಪಿಗೆ (ಎರಡೂ ವಾಲ್ವ್ ಮುಚ್ಚಿ ಪಿಸ್ಟನ್ ತುತ್ತತುದಿಗೆ ಬಂದ ಸ್ಥಿತಿಗೆ) ತಂದು ಅದರ ಎರಡು ವಾಲ್ವ್ ಸೆಟ್ ಮಾಡಿ, ಕ್ರ್ಯಾಂಕ್ 240 ಡಿಗ್ರಿ ತಿರುಗಿಸಿದರೆ ಮೂರನೆಯದು, ಇನ್ನೊಂದು 240ಕ್ಕೆ ಎರಡನೆಯದು. ಸ್ಕ್ರೂ ತುದಿ ಬಡಿದು ಬಡಿದು ವಾಲ್ವ್ ಕಡ್ಡಿಯ ತಲೆಯಲ್ಲಿ ಸಣ್ಣ ಗುಂಡಿ ಬಿದ್ದಿದ್ದರೆ ಅಗಲವಾದ ಫೀಲರ್ ಗುಂಡಿಯ ಅಂಚಿನ ಮೇಲೆ ಕೂತು ಗ್ಯಾಪ್ ತಪ್ಪು ತೋರಿಸುತ್ತದೆ. ಅಂಥಲ್ಲಿ ಕಿರಿದಾಗಿ ಕತ್ತರಿಸಿದ ಫೀಲರ್ ಬೇಕು. ಲಾಕ್ ನಟ್ ಬಿಗಿದ ಮೇಲೆ ಇನ್ನೊಮ್ಮೆ ಅಳೆಯಿರಿ, ಬಿಗಿಯುವಾಗ ಸ್ಕ್ರೂ ಜೊತೆಗೇ ತಿರುಗಿರುತ್ತದೆ. ಆಮೇಲೆ ಮತ್ತೆ ಕಂಪ್ರೆಷನ್ ನೋಡಿ. ಅಂಕಿ ಮರಳಿ ಬಂದರೆ ಹೆಡ್ ಕೆಲಸ ಉಳಿಯಿತು. ಬರದಿದ್ದರೆ ವಾಲ್ವ್ ಸುಟ್ಟಿದೆ. ಆಗ ಹೆಡ್ ಇಳಿಸಿ ವಾಲ್ವ್ ಬದಲಿಸಿ ಸೀಟ್ ಗ್ರೈಂಡಿಂಗ್ ಮಾಡಿಸದೆ ಬೇರೆ ದಾರಿ ಇಲ್ಲ.

ಎಲ್‌ಪಿಜಿ ಕಿಟ್ ಹಾಕಿರುವ 800, ಓಮ್ನಿಗಳಲ್ಲಿ ಈ ತೊಂದರೆ ಹೆಚ್ಚು. ಗ್ಯಾಸಿನಲ್ಲಿ ವಾಲ್ವ್ ಸೀಟು ಬೇಗ ಸವೆದು ವಾಲ್ವ್ ಮೇಲಕ್ಕೆ ಕೂರುತ್ತಾ ಹೋಗುತ್ತದೆ, ಟ್ಯಾಪೆಟ್ ಗ್ಯಾಪ್ ಸದ್ದಿಲ್ಲದೆ ಮುಚ್ಚಿಕೊಳ್ಳುತ್ತದೆ. ಗ್ಯಾಪ್ ಜಾಸ್ತಿಯಾದ ಟ್ಯಾಪೆಟ್ ಟಕಟಕ ಎಂದು ಕೇಳಿಸುತ್ತದೆ, ಬಿಗಿಯಾದದ್ದು ಕೇಳಿಸುವುದಿಲ್ಲ. ಎಂಜಿನ್ ಎಷ್ಟು ಸೈಲೆಂಟ್ ನೋಡಿ ಎಂದು ಖುಷಿಪಡುವವರು ಒಮ್ಮೆ ಫೀಲರ್ ಹಾಕಿಸಿ.

ಅದೇ ಗ್ಯಾಸ್ ಸ್ವಿಚ್ ಪರೀಕ್ಷೆಗೆ ಬಹಳ ಉಪಯೋಗಕ್ಕೆ ಬರುತ್ತದೆ. ಪೆಟ್ರೋಲಿನಲ್ಲಿ ಸರಿ, ಗ್ಯಾಸಿನಲ್ಲಿ ಒತ್ತಿದಾಗ ಮಿಸ್ ಎಂದರೆ ಮೊದಲು ಇಗ್ನಿಷನ್ ಅನುಮಾನಿಸಿ. ಗ್ಯಾಸಿಗೆ ಹೆಚ್ಚು ವೋಲ್ಟೇಜಿನ ಕಿಡಿ ಬೇಕು. ಪ್ಲಗ್ ಗ್ಯಾಪ್ 0.1 ಮಿ.ಮೀ. ಕಡಿಮೆ ಮಾಡಿ ನೋಡಿ, ಸುಧಾರಿಸಿದರೆ ವೈರ್, ಕಾಯಿಲ್ ದುರ್ಬಲ. ಎರಡರಲ್ಲೂ ಅದೇ ಸಿಲಿಂಡರ್ ಅದೇ ಥರ ತಪ್ಪಿದರೆ ಕಂಪ್ರೆಷನ್ ಅಥವಾ ಕಿಡಿ. ಗ್ಯಾಸಿನಲ್ಲಿ ನಯವಾಗಿ ಓಡಿ ಪೆಟ್ರೋಲಿನಲ್ಲಿ ಮಾತ್ರ ಮಿಸ್ ಆದರೆ, ಸರಿ, ಈಗ ಕಾರ್ಬುರೇಟರಿನ ಸರದಿ.

ಕಾರ್ಬುರೇಟರಿಗೆ ಮುಂಚೆ ಗಾಳಿ ಸೋರಿಕೆ. ಇನ್‌ಟೇಕ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಒಂದು ತುದಿಯಲ್ಲಿ ಸುಟ್ಟರೆ ಆ ತುದಿಯ ಸಿಲಿಂಡರ್ ಮಾತ್ರ ಐಡ್ಲಿಂಗಿನಲ್ಲಿ ತಪ್ಪುತ್ತದೆ, ಪ್ಲಗ್ ಬೆಳ್ಳಗಾಗುತ್ತದೆ. ಕಾರ್ಬುರೇಟರ್ ಕೆಳಗಿನ ಇನ್ಸುಲೇಟರ್, ಬಿರಿದ ವ್ಯಾಕ್ಯೂಮ್ ಪೈಪುಗಳು ಕೂಡ. ಬಿಸಿ ಎಂಜಿನ್ ಮೇಲೆ ಕಾರ್ಬ್ ಕ್ಲೀನರ್ ಹೊಡೆದು ಹುಡುಕುವುದು ಬೆಂಕಿಗೆ ಆಹ್ವಾನ. ಅದೇ ನೀರಿನ ಬಾಟಲಿಯಿಂದ ಜೋಡಣೆಗಳ ಮೇಲೆ ಚಿಮುಕಿಸಿ. ನೀರು ಸಂದನ್ನು ಮುಚ್ಚಿದ ಕ್ಷಣ ಐಡ್ಲಿಂಗ್ ಬದಲಾಗುತ್ತದೆ. ವ್ಯಾಕ್ಯೂಮ್ ಗೇಜ್ ಇದ್ದರೆ ಮ್ಯಾನಿಫೋಲ್ಡಿಗೇ ಜೋಡಿಸಿ. ಅಡ್ವಾನ್ಸ್ ಪೈಪಿನ ತೂತು ಥ್ರಾಟಲ್ ಮೇಲ್ಗಡೆ ಇದ್ದರೆ ಐಡ್ಲಿಂಗಿನಲ್ಲಿ ಏನೂ ತೋರಿಸುವುದಿಲ್ಲ. ಕರಾವಳಿಯಲ್ಲಿ 17ರಿಂದ 21 ಇಂಚು ಬರುವಲ್ಲಿ ಬೆಂಗಳೂರಿನಲ್ಲಿ ಸುಮಾರು 3 ಇಂಚು ಕಡಿಮೆ. ಮುಳ್ಳು ಲಯಬದ್ಧವಾಗಿ ಒಂದೊಂದೇ ಸಲ ಕುಸಿದರೆ ವಾಲ್ವ್, ಸ್ಥಿರವಾಗಿ ಕೆಳಗಿದ್ದರೆ ಸೋರಿಕೆ ಅಥವಾ ಟೈಮಿಂಗ್ ಹಿಂದೆ ಬಿದ್ದಿದೆ.

ಕಾರ್ಬುರೇಟರಿನ ನಿಜವಾದ ದೂರುಗಳು ಕಡಿಮೆ. ಐಡಲ್ ಜೆಟ್ ಕಟ್ಟಿದ್ದರೆ ಚೋಕ್ ಎಳೆದಾಗ ಮಾತ್ರ ಎಂಜಿನ್ ಐಡ್ಲಿಂಗಿನಲ್ಲಿ ಓಡುತ್ತದೆ. ಐಡಲ್ ಜೆಟ್ಟಿನ ಪೆಟ್ರೋಲ್ ತೆರೆದು ಮುಚ್ಚುವ ಸೊಲೆನಾಯ್ಡ್ ಇದ್ದರೆ ಕೀ ಆನ್ ಮಾಡಿದಾಗ ಟಿಕ್ ಎನ್ನಬೇಕು. ಏರಿನಲ್ಲಿ ಒಂದೆರಡು ನಿಮಿಷ ಓಡಿ ಎಳೆಯದೆ ಜಗ್ಗಿದರೆ ಫಿಲ್ಟರ್, ಪಂಪ್, ಟ್ಯಾಂಕಿನ ಗಾಳಿದಾರಿ ನೋಡಿ. ಪಂಪಿನ ಡಯಾಫ್ರಾಮ್ ಹರಿದರೆ ಪೆಟ್ರೋಲ್ ಎಂಜಿನ್ ಆಯಿಲಿಗೆ ಸೇರುತ್ತದೆ, ಡಿಪ್‌ಸ್ಟಿಕ್ ಮೂಸಿದರೆ ಗೊತ್ತಾಗುತ್ತದೆ.

ಈಗಿನ ಪೆಟ್ರೋಲಿನ ವಿಷಯ ಬೇರೆಯೇ ಇದೆ. ಶೇ. 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲೇ ಬಿಡುಗಡೆಯಾದದ್ದು. ಅಪ್ಪಟ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು, ಇ20ಗೆ ಸುಮಾರು 13.5. ಇಂಜೆಕ್ಷನ್ ಗಾಡಿಯಲ್ಲಿ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇದನ್ನು ಸರಿದೂಗಿಸುತ್ತದೆ, ಕಾರ್ಬುರೇಟರಿಗೆ ಆ ಬುದ್ಧಿ ಇಲ್ಲ. ಹಳೇ ಪೆಟ್ರೋಲಿಗೆ ಸೆಟ್ ಮಾಡಿದ ಜೆಟ್ಟಿನಲ್ಲಿ ಮಿಶ್ರಣ ಶೇ. 8ರಷ್ಟು ತೆಳುವಾಗುತ್ತದೆ. ಅಂಚಿನಲ್ಲಿದ್ದ ದುರ್ಬಲ ಕಿಡಿ, ಸಣ್ಣ ಗಾಳಿ ಸೋರಿಕೆ ಈಗ ಮಿಸ್ಸಿಂಗ್ ಆಗಿ ಹೊರಬರುತ್ತದೆ. ಐಡ್ಲಿಂಗಿಗೆ ಮಿಕ್ಸ್ಚರ್ ಸ್ಕ್ರೂ ಸ್ವಲ್ಪ ಹೊರಕ್ಕೆ ತಿರುಗಿಸುವುದು ಇಲ್ಲಿ ನ್ಯಾಯ, ಆದರೆ ಮೇಲಿನದೆಲ್ಲ ಸರಿ ಮಾಡಿದ ಮೇಲೆ. ಹಳೇ ರಬ್ಬರ್ ಪೈಪು, ಡಯಾಫ್ರಾಮ್ ಎಥೆನಾಲಿಗೆ ಉಬ್ಬಿ ಮೆತ್ತಗಾಗುತ್ತವೆ. ಇಂಧನದ ಪೈಪುಗಳನ್ನು ಎಥೆನಾಲ್ ತಡೆಯುವಂಥದ್ದಕ್ಕೆ ಬದಲಿಸಿ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಎಥೆನಾಲ್ ತೇವ ಹೀರಿ ನೀರಿನ ಜೊತೆ ತಳಕ್ಕೆ ಇಳಿಯುತ್ತದೆ. ಫ್ಲೋಟ್ ಬೌಲ್ ಖಾಲಿ ಮಾಡಿ ಗಾಜಿನ ಲೋಟದಲ್ಲಿ ಹಿಡಿದು ಸ್ವಲ್ಪ ಹೊತ್ತು ಇಡಿ. ತಳದಲ್ಲಿ ಬೇರೆ ಪದರ ಕಂಡರೆ ಟ್ಯಾಂಕನ್ನೂ ಖಾಲಿ ಮಾಡಬೇಕು.

ಪಾಯಿಂಟ್ ಗ್ಯಾಪ್ ಮುಟ್ಟಿದ್ದರೆ ಇಗ್ನಿಷನ್ ಟೈಮಿಂಗನ್ನು (ಕಿಡಿ ಹೊಡೆಯುವ ಸಮಯವನ್ನು) ಮತ್ತೆ ಟೈಮಿಂಗ್ ಲೈಟ್ ಹಿಡಿದು ಸೆಟ್ ಮಾಡಿ. ಗ್ಯಾಪ್ ಹೆಚ್ಚಿದರೆ ಟೈಮಿಂಗ್ ಮುಂದಕ್ಕೆ, ಕಡಿಮೆಯಾದರೆ ಹಿಂದಕ್ಕೆ ಹೋಗುತ್ತದೆ. ಕ್ರಮ ಇದೇ ಇರಲಿ: ಮೊದಲು ಟ್ಯಾಪೆಟ್, ಆಮೇಲೆ ಪಾಯಿಂಟ್, ಆಮೇಲೆ ಟೈಮಿಂಗ್, ಕೊನೆಗೆ ಐಡ್ಲಿಂಗ್ ಮತ್ತು ಮಿಕ್ಸ್ಚರ್. ಸಿಲಿಂಡರ್ ಹುಡುಕಲು ಏರಿಸಿಟ್ಟ ಐಡ್ಲಿಂಗ್ ಸ್ಕ್ರೂ ಇಳಿಸಲು ಮರೆಯಬೇಡಿ.